ಕೊನೇ ಸಾಲಿನ ಪಿಟೀಲು, ಸ್ಕಾಲ್ಕೋಟಾಸ್ ಮತ್ತು ತಕಿಟ ತಕ ಧಿಮಿ

ಬರ್ಲಿನ್‌ನ ಒಂದು ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ನಾನು ಎರಡನೇ ಪಿಟೀಲು ನುಡಿಸುತ್ತೇನೆ. ಕೂರುವುದು ಕೊನೇ ಸಾಲಲ್ಲಿ. ಎರಡು ವರ್ಷದ ಹಿಂದೆ ನಮ್ಮ ಕಂಡಕ್ಟರ್, ಗ್ರೀಸ್‌ನ ಸಂಗೀತ ರಚನೆಕಾರ ನಿಕೋಸ್ ಸ್ಕಾಲ್ಕೋಟಾಸ್ ಅವರ ಗ್ರೀಕ್ ನೃತ್ಯಗಳ ಹಾಳೆ ಹಂಚಿದರು. ಆ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ.

ಮೊದಲ ದಿನ ಎತ್ತಿಕೊಂಡದ್ದು ಕಲಾಮಟಿಯಾನೋಸ್ ಎಂಬ ಕುಣಿತ. ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ಏಳು ಎಣಿಕೆ, ಮೂರು ಎರಡು ಎರಡು. ಪಕ್ಕದವರು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ನನ್ನ ಕೈ ತಾನಾಗಿಯೇ ತೊಡೆ ಮೇಲೆ ತಾಳ ಹಾಕಿತು. ತಕಿಟ ತಕ ಧಿಮಿ. ನಮ್ಮ ಕರ್ನಾಟಕ ಸಂಗೀತದ ಮಿಶ್ರ ಛಾಪು ತಾಳ! ಮೈಸೂರಿನಲ್ಲಿ ಎಂಟು ವರ್ಷದವಳಿದ್ದಾಗ ಚಾಪೆ ಮೇಲೆ ಕೂತು ಕಲಿತದ್ದು ಗ್ರೀಸ್ ದೇಶದ ಕುಣಿತದಲ್ಲಿ ಸಿಕ್ಕಿತ್ತು. ಕಣ್ಣು ತುಂಬಿ ಬಂತು.

ಆದರೆ ತಾಳ ಬಂದರೆ ಕಮಾನು ಬಂದ ಹಾಗಲ್ಲ. ಏಳು ಬೆಸ ಸಂಖ್ಯೆ ನೋಡಿ. ಒಂದು ಸ್ವರಕ್ಕೆ ಒಂದು ಕಮಾನು ಅಂತ ಹೊರಟರೆ, ಮೊದಲ ಬಾರ್ ಕೆಳಗೆ ಎಳೆಯುತ್ತಾ ಶುರುವಾಗುತ್ತದೆ, ಎರಡನೆಯದು ಮೇಲೆ ತಳ್ಳುತ್ತಾ. ಎಳೆತಕ್ಕೆ ಕೈಯ ಭಾರ ಸಿಗುತ್ತದೆ, ತಳ್ಳುವಾಗ ಸಿಗಲ್ಲ. ಹಾಗಾಗಿ ಒಂದು ಬಾರ್ ಬಿಟ್ಟು ಒಂದು ಬಾರ್‌ನಲ್ಲಿ ಮೊದಲ ಪೆಟ್ಟು ಸೊರಗುತ್ತದೆ. ಕುಣಿಯುವವರ ಹೆಜ್ಜೆ ತಪ್ಪುವುದು ಅಲ್ಲೇ.

ಎರಡು ದಾರಿ ಮಾಡಿಕೊಂಡೆ. ಕೊನೆಯ ಎರಡು ಸ್ವರಗಳನ್ನು ಒಂದೇ ತಳ್ಳುವಿಕೆಯಲ್ಲಿ, ನಡುವೆ ಚೂರು ನಿಲ್ಲಿಸಿ ನುಡಿಸುವುದು ಒಂದು. ಆಗ ಪ್ರತಿ ಬಾರ್ ಎಳೆತದಿಂದಲೇ ಶುರುವಾಗುತ್ತದೆ. ಅದು ಸಾಧ್ಯವಾಗದ ಕಡೆ ತಳ್ಳುವಾಗಲೂ ಪೆಟ್ಟು ಕೊಡೋದನ್ನು ಕಲಿಯಬೇಕಾಯಿತು. ದಿನಾ ಹತ್ತು ನಿಮಿಷ, ಎಡಗೈ ಬೆರಳಿಡದ ಬರೀ ತೆರೆದ ತಂತಿ ಮೇಲೆ, ಬಲಗೈ ತೋರುಬೆರಳಿನ ಒತ್ತು ಮಾತ್ರ ಬದಲಿಸುತ್ತಾ. ಆರು ವಾರ ಹಿಡಿಯಿತು. ಎಡಗೈಗೂ ಕೆಲಸವಿತ್ತು. ಗಮಕದ ಅಭ್ಯಾಸದಿಂದ ಬೆರಳು ಸ್ವರದಿಂದ ಸ್ವರಕ್ಕೆ ಜಾರುತ್ತಿತ್ತು. ಹನ್ನೆರಡು ಜನ ಒಂದೇ ಸಾಲು ನುಡಿಸುವಾಗ ಒಬ್ಬಳು ಜಾರಿದರೂ ಕೇಳಿಸುತ್ತದೆ.

ಅಭ್ಯಾಸ ಮಾಡುತ್ತಾ ಸ್ಕಾಲ್ಕೋಟಾಸ್ ಅವರ ಬದುಕನ್ನೂ ಓದಿದೆ. 1904ರಲ್ಲಿ ಎವಿಯಾ ದ್ವೀಪದ ಹಾಲ್ಕಿಡಾದಲ್ಲಿ ಹುಟ್ಟಿದವರು. ಐದನೇ ವಯಸ್ಸಿಗೆ ಪಿಟೀಲು. 1920ರಲ್ಲಿ ಬೀಥೋವನ್ ಅವರ ಪಿಟೀಲು ಕನ್ಸರ್ಟೋ ನುಡಿಸಿ ಅಥೆನ್ಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯ ಓದು ಮುಗಿಸಿದರು. ಮರುವರ್ಷ ಸ್ಕಾಲರ್‌ಶಿಪ್ ಮೇಲೆ ನನ್ನ ಈ ಬರ್ಲಿನ್‌ಗೆ, ಪಿಟೀಲು ವಾದಕ ವಿಲ್ಲಿ ಹೆಸ್ ಅವರ ಶಿಷ್ಯನಾಗಿ ಬಂದರು. ದೊಡ್ಡ ಸೋಲೋ ವಾದಕ ಆಗಬಹುದಿತ್ತು. ಅದನ್ನು ಬಿಟ್ಟು ಸಂಗೀತ ಬರೆಯಲು ಕೂತರು, 1927ರಿಂದ ರಚನೆಕಾರ ಷೋನ್‌ಬರ್ಗ್ ಅವರ ಬಳಿ ಕಲಿತರು.

1933ರಲ್ಲಿ ಕೈ ಖಾಲಿಯಾಗಿ ಅಥೆನ್ಸ್‌ಗೆ ಮರಳಿದರು. ಬರೆದ ಹಾಳೆಗಳ ಕಟ್ಟು ಬರ್ಲಿನ್‌ನಲ್ಲೇ ಉಳಿಯಿತು, ಅದರಲ್ಲಿ ಎಷ್ಟೋ ಕೃತಿಗಳು ಕಳೆದುಹೋದವು. ಮುಂದಿನ ಹದಿನಾರು ವರ್ಷ ಅಲ್ಲಿನ ಆರ್ಕೆಸ್ಟ್ರಾಗಳಲ್ಲಿ ಹಿಂದಿನ ಸಾಲಿನ ಪಿಟೀಲು ವಾದಕರಾಗಿ ಹೊಟ್ಟೆ ಹೊರೆದರು. ಮನೆಗೆ ಬಂದು ಬರೆಯುತ್ತಿದ್ದರು. ಆ 36 ನೃತ್ಯಗಳನ್ನು ಬರೆದದ್ದು 1931ರಿಂದ 1936ರ ನಡುವೆ. ಅದೇ ಹೊತ್ತಿಗೆ ಮೆಲ್ಪೋ ಮೆರ್ಲಿಯೇ ಅವರ ಜಾನಪದ ಸಂಗ್ರಹಕ್ಕಾಗಿ ಹಳ್ಳಿ ಹಾಡುಗಳನ್ನು ಕೇಳಿ ಸ್ವರಲಿಪಿಗೂ ಇಳಿಸುತ್ತಿದ್ದರು. 1949ರ ಸೆಪ್ಟೆಂಬರ್‌ನಲ್ಲಿ ಹರ್ನಿಯಾ ಬಿಗಿದು ತೀರಿಕೊಂಡರು. ನಲವತ್ತೈದು ವರ್ಷ, ಅಷ್ಟೇ. ಅವರು ಬರೆದದ್ದರಲ್ಲಿ ಬಹುಪಾಲು ಅವರ ಕಿವಿಗೇ ಬೀಳಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಹಾಳೆಯನ್ನು ಬೇರೆ ಕಣ್ಣಿಂದ ನೋಡಿದೆ. ಸಾಮಾನ್ಯವಾಗಿ ಎರಡನೇ ಪಿಟೀಲಿಗೆ ಸಿಗುವುದು ಸುಮ್ನೆ ಭರ್ತಿ ಕೆಲಸ, ಅದೇ ಎರಡು ಸ್ವರ ಪುಟಗಟ್ಟಲೆ. ಇಲ್ಲಿ ಹಾಗಿಲ್ಲ. ರಾಗ ಮೊದಲ ಪಿಟೀಲಿನಲ್ಲಿ ಓಡುತ್ತಿರುವಾಗ ನಮಗೆ ಅದಕ್ಕೆ ಅಡ್ಡ ಹೋಗುವ ತುಣುಕು ಕೊಟ್ಟಿದ್ದಾರೆ. ನಾವು ಒಂದು ಕ್ಷಣ ತಡಮಾಡಿದರೆ ಇಡೀ ಕುಣಿತ ಕುಂಟುತ್ತದೆ. ಹಿಂದಿನ ಸಾಲಲ್ಲಿ ಕೂತು ವರ್ಷಗಟ್ಟಲೆ ನುಡಿಸಿದವರಿಗೇ ಅಲ್ಲಿ ಏನು ಬೇಕು ಅಂತ ಗೊತ್ತಿರೋದು, ಅಲ್ವಾ?

ಸಂಗೀತ ಕಚೇರಿಯ ದಿನ ನಾನೂ ಪಕ್ಕದ ಜೊತೆಗಾರರೂ ಹಂಚಿಕೊಳ್ಳುವ ಸ್ಟ್ಯಾಂಡ್ ಮೇಲಿನ ಹಾಳೆಯಲ್ಲಿ ಏಳರ ಪಕ್ಕ ಪೆನ್ಸಿಲ್ ಅಕ್ಷರ ಕಂಡಿತು. ಅವರು ರೋಮನ್ ಲಿಪಿಯಲ್ಲಿ 'ತಕಿಟ ತಕ ಧಿಮಿ' ಅಂತ ಬರೆದುಕೊಂಡಿದ್ದರು. ಇಬ್ಬರೂ ತುಟಿ ಅಲ್ಲಾಡಿಸುತ್ತಲೇ ನುಡಿಸಿದೆವು.

ಈಗ ನಾಲ್ಕು ಜನ ಸೇರಿ ಸ್ಕಾಲ್ಕೋಟಾಸ್ ಅವರ ಮೂರನೇ ಸ್ಟ್ರಿಂಗ್ ಕ್ವಾರ್ಟೆಟ್, ಅಂದರೆ ನಾಲ್ಕು ತಂತಿವಾದ್ಯಗಳ ಕೃತಿ, ಹಿಡಿದಿದ್ದೇವೆ. 1935ರದ್ದು. ಇದರಲ್ಲಿ ಜಾನಪದ ಧಾಟಿ ಇಲ್ಲ, ತಾಳದ ಆಸರೆಯೂ ನನಗೆ ಕಡಿಮೆ. ಮೊದಲ ಎಂಟು ಬಾರ್‌ಗೆ ಮೂರು ಭಾನುವಾರ ಹಿಡಿಯಿತು.