ಎರಡು ಸಣ್ಣ ಏರ್‌ಪೋರ್ಟ್‌ಗಳ ನಡುವೆ ದೂರ ಎಷ್ಟು, ಹೊತ್ತು ಎಷ್ಟು? ಲೆಕ್ಕ ಹಾಕುವುದು ಹೀಗೆ

ಆಫೀಸಿನಲ್ಲಿ ಯಾರು ಊರಿಗೆ ಹೊರಟರೂ ಟಿಕೆಟ್ ಮಾಡಿಸುವ ಕೆಲಸ ನನ್ನದು. "ಮ್ಯಾಪ್‌ನಲ್ಲಿ ಇಷ್ಟು ಹತ್ತಿರ ಇದೆ, ವಿಮಾನಕ್ಕೂ ಒಂದೂಕಾಲು ಗಂಟೆ ಬೇಕಾ?" ಅಂತ ಎಲ್ಲರೂ ಕೇಳುತ್ತಾರೆ. ಬೇಕು. ಯಾಕೆ ಅನ್ನುವುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು.

ಮೊದಲು ಏರ್‌ಪೋರ್ಟ್ ಸರಿಯಾದದ್ದಾ ನೋಡಿಕೊಳ್ಳಿ. ಊರ ಹೆಸರಿಗಿಂತ ಮೂರಕ್ಷರದ ಕೋಡ್ ನಂಬಿ. ಆಸ್ಟ್ರೇಲಿಯಾದ ಸಿಡ್ನಿ ಎಸ್‌ವೈಡಿ, ಕೆನಡಾದ ಪುಟ್ಟ ಸಿಡ್ನಿ ವೈಕ್ಯೂವೈ. ಆಸ್ಟ್ರೇಲಿಯಾಕ್ಕೆ ಹೊರಟು ಕೆನಡಾದಲ್ಲಿ ಇಳಿದವರು ನಿಜವಾಗಿಯೂ ಇದ್ದಾರೆ!

ಆಮೇಲೆ ಫೋನಿನ ಮ್ಯಾಪ್‌ನಲ್ಲಿ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಒಂದು ಏರ್‌ಪೋರ್ಟ್ 13 ಉತ್ತರ, 75 ಪೂರ್ವ, ಇನ್ನೊಂದು 16 ಉತ್ತರ, 78 ಪೂರ್ವ ಅಂತ ಇಟ್ಟುಕೊಳ್ಳೋಣ. ಅಕ್ಷಾಂಶದ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ಮೂರು ಡಿಗ್ರಿಗೆ 333. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಒಂದಕ್ಕೊಂದು ಹತ್ತಿರ ಬರುತ್ತವೆ. ಹಾಗಾಗಿ ಅಲ್ಲಿ 111ನ್ನು ನಡುವಿನ ಅಕ್ಷಾಂಶದ, ಅಂದರೆ 14.5 ಡಿಗ್ರಿಯ, ಕಾಸ್‌ನಿಂದ (ಕ್ಯಾಲ್ಕುಲೇಟರ್‌ನಲ್ಲಿ cos ಬಟನ್) ಗುಣಿಸಬೇಕು. ಮೂರು ಡಿಗ್ರಿಗೆ 322 ಬರುತ್ತದೆ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಇದ್ದರೆ ಉತ್ತರ ಎಡವಟ್ಟಾಗುತ್ತದೆ, ಡಿಗ್ರಿಗೆ ಬದಲಿಸಿ. ಇನ್ನು ಉಳಿದಿರುವುದು ಶಾಲೆಯ ಪೈಥಾಗೊರಸ್: 333ರ ವರ್ಗ, 322ರ ವರ್ಗ, ಎರಡನ್ನೂ ಕೂಡಿಸಿ ವರ್ಗಮೂಲ. ಸುಮಾರು 463 ಕಿ.ಮೀ. ಪೈಲಟ್‌ಗಳ ನಾಟಿಕಲ್ ಮೈಲಿ ಬೇಕಿದ್ದರೆ 1.852ರಿಂದ ಭಾಗಿಸಿ, 250. ಸಾವಿರಾರು ಕಿ.ಮೀ. ದೂರಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಆಗ ಸುಮ್ನೆ ಗ್ರೇಟ್ ಸರ್ಕಲ್ ಮ್ಯಾಪರ್ ವೆಬ್‌ಸೈಟ್‌ಗೆ ಎರಡು ಕೋಡ್ ಕೊಟ್ಟುಬಿಡಿ.

ಈಗ ಹೊತ್ತಿನ ವಿಷಯ. ಎಲ್ಲರೂ ಎಡವುವುದು ಇಲ್ಲೇ. ಸಣ್ಣ ಏರ್‌ಪೋರ್ಟ್‌ಗಳಿಗೆ ಜಾಸ್ತಿ ಹಾರುವ ಎಟಿಆರ್ 72, ಅದೇ ಫ್ಯಾನ್ ಇರುವ ವಿಮಾನ, ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ. 463ಕ್ಕೆ 56 ನಿಮಿಷ. ಏರ್‌ಬಸ್ 320ರಂಥ ಜೆಟ್ ಗಂಟೆಗೆ 830ರ ಆಸುಪಾಸು. ಅದಕ್ಕೆ 33 ನಿಮಿಷ. ಹಾಗಾದರೆ ಜೆಟ್‌ನಲ್ಲಿ ಅರ್ಧ ಗಂಟೆಗೆ ಮುಟ್ಟಿಬಿಡಬಹುದಾ? ಇಲ್ಲ. ಹೆಚ್ಚಿನ ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ 250 ನಾಟಿಕಲ್ ಮೈಲಿ (ಸುಮಾರು 463 ಕಿ.ಮೀ.), ದಾಟುವ ಹಾಗಿಲ್ಲ. ಇಷ್ಟು ಹತ್ತಿರದ ದಾರಿಯಲ್ಲಿ ಜೆಟ್ ಮೇಲೆ ಹತ್ತಿ, ಪೂರ್ತಿ ವೇಗ ಹಿಡಿದು, ಸ್ವಲ್ಪ ಹೊತ್ತಿಗೇ ಇಳಿಯಲು ಶುರು ಮಾಡುತ್ತದೆ. ಜೊತೆಗೆ ದಾರಿಯೂ ನೆಟ್ಟಗಿರುವುದಿಲ್ಲ. ಗಾಳಿಗೆ ಎದುರಾಗಿ ನೆಲದಿಂದ ಮೇಲೇರಬೇಕು, ಎದುರಾಗಿಯೇ ಇಳಿಯಬೇಕು. ರನ್‌ವೇ ಯಾವ ದಿಕ್ಕಿಗಿದೆಯೋ ಅದಕ್ಕೆ ತಕ್ಕಂತೆ ಸುತ್ತು ಹಾಕಬೇಕು.

ನಾನು ಹೀಗೆ ಮಾಡುತ್ತೇನೆ: ಎಟಿಆರ್ ಆದರೆ ಹತ್ತು ನಿಮಿಷ, ಜೆಟ್ ಆದರೆ ಹದಿನೈದು ನಿಮಿಷ ಸೇರಿಸುತ್ತೇನೆ. ಎರಡಕ್ಕೂ ನೆಲದ ಮೇಲಿನ ಓಡಾಟಕ್ಕೆ ಇನ್ನೊಂದು ಹದಿನೈದು. ಎಟಿಆರ್‌ಗೆ ಒಂದು ಗಂಟೆ ಇಪ್ಪತ್ತು ನಿಮಿಷ, ಜೆಟ್‌ಗೆ ಒಂದು ಗಂಟೆ ಐದು ನಿಮಿಷ. ಇಷ್ಟೇ ವ್ಯತ್ಯಾಸ! ಅದಕ್ಕೇ ಜೆಟ್ ಅಂತ ಜಾಸ್ತಿ ದುಡ್ಡು ಕೊಡಲು ನಾನು ಒಪ್ಪುವುದಿಲ್ಲ.

ಟಿಕೆಟ್‌ನಲ್ಲಿ ಬರುವ ಸಮಯದಲ್ಲಿ ಈ ಓಡಾಟವೂ ಸೇರಿರುತ್ತದೆ. ನಿಂತ ಜಾಗದಿಂದ ವಿಮಾನ ಕದಲಿದಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ ಅದು. ತಡವಾದರೆ ಇರಲಿ ಅಂತ ಏರ್‌ಲೈನ್‌ನವರು ಒಂದಷ್ಟು ನಿಮಿಷ ಜಾಸ್ತಿಯೇ ಹಾಕಿರುತ್ತಾರೆ. "ಬೇಗ ಬಂದೆವು" ಅಂತ ಖುಷಿಪಡುವುದು ಬಹಳ ಸಲ ಈ ಜಾಸ್ತಿ ನಿಮಿಷಗಳಿಂದ.

ಹೋಗುವ, ಬರುವ ಸಮಯ ಒಂದೇ ಇರಬೇಕೆಂದಿಲ್ಲ. ಅದೇ ಎಟಿಆರ್‌ಗೆ ಗಂಟೆಗೆ 50 ಕಿ.ಮೀ. ಎದುರುಗಾಳಿ ಇದ್ದರೆ 56 ನಿಮಿಷದ ಹಾರಾಟ 62 ಆಗುತ್ತದೆ. ಅಷ್ಟೇ ಗಾಳಿ ಹಿಂದಿನಿಂದ ಬಂದರೆ 51. ಎರಡು ಏರ್‌ಪೋರ್ಟ್ ಬೇರೆ ಬೇರೆ ಟೈಮ್ ಝೋನ್‌ನಲ್ಲಿದ್ದರೆ, ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಎರಡನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯಕ್ಕೆ, ಬದಲಿಸಿಕೊಂಡೇ ಕಳೆಯಿರಿ.