ಕೊನೆಯ ನಾಲ್ಕು ಕಿಲೋ ಇಳಿಯುತ್ತಿಲ್ಲವೇ? ಊಟ ಬಿಡಬೇಡಿ, ಎಣ್ಣೆ ಪ್ಯಾಕೆಟ್ ಮೇಲೆ ತಾರೀಖು ಬರೆಯಿರಿ

74 ಕಿಲೋ ಇದ್ದವರು 64ಕ್ಕೆ ಇಳಿದಿದ್ದೀರಿ. ಬ್ಲೌಸುಗಳೆಲ್ಲ ಹಿಡಿಸಿಕೊಂಡು ಹೊಲಿಸಿದ್ದಾಗಿದೆ. ಇನ್ನು ನಾಲ್ಕೇ ಕಿಲೋ ಎನ್ನುವಾಗ ತೂಕ ನಿಂತುಬಿಟ್ಟಿದೆ. ಹಿಂದಿನಂತೆಯೇ ತಿನ್ನುತ್ತಿದ್ದೀರಿ, ಹಿಂದಿನಂತೆಯೇ ನಡೆಯುತ್ತಿದ್ದೀರಿ, ಆದರೂ ಮುಳ್ಳು ಕದಲುವುದಿಲ್ಲ. ಇಂಥ ಹೊತ್ತಿನಲ್ಲಿ ಬಹಳ ಮಂದಿ ರಾತ್ರಿ ಊಟ ಬಿಡುತ್ತಾರೆ. ದಯವಿಟ್ಟು ಅದೊಂದನ್ನು ಮಾಡಬೇಡಿ. ಹತ್ತು ಹದಿನೈದು ದಿನ ಹಸಿದುಕೊಂಡಿದ್ದು, ಆಮೇಲೆ ತಡೆಯಲಾರದೆ ತಿಂದು, ಇಳಿದ ತೂಕವೂ ವಾಪಸಾಗುವುದೇ ಹೆಚ್ಚು.

ಮೊದಲು ಲೆಕ್ಕ ನೋಡೋಣ. 40 ವರ್ಷದ, 160 ಸೆಂ.ಮೀ. ಎತ್ತರದ ಹೆಂಗಸು ಎಂದುಕೊಳ್ಳಿ. ಓಡಾಟ ಹೆಚ್ಚಿಲ್ಲದ ದಿನಚರಿ. 74 ಕಿಲೋ ಇದ್ದಾಗ ಆಕೆಯ ದೇಹ ದಿನಕ್ಕೆ ಸುಮಾರು 1930 ಕ್ಯಾಲರಿ ಖರ್ಚು ಮಾಡುತ್ತಿತ್ತು. 64ಕ್ಕೆ ಬಂದಾಗ ಅದು ಸುಮಾರು 1790 ಆಗುತ್ತದೆ, ಹೊರುವ ಭಾರವೇ ಕಡಿಮೆಯಾಯಿತಲ್ಲ. ಊಟ 1500 ಕ್ಯಾಲರಿಯೇ ಇದ್ದರೂ ಮೊದಲು ದಿನಕ್ಕೆ 430ರಷ್ಟಿದ್ದ ಕೊರತೆ ಈಗ 290. ಒಂದು ಕಿಲೋ ಕೊಬ್ಬು ಕರಗಲು ಹತ್ತಿರಹತ್ತಿರ 7700 ಕ್ಯಾಲರಿ ಕೊರತೆ ಬೇಕು. ಅಂದರೆ ಆಗ ವಾರಕ್ಕೆ 390 ಗ್ರಾಂ ಇಳಿಯುತ್ತಿದ್ದದ್ದು ಈಗ 260 ಗ್ರಾಂ. ಇದರ ಮೇಲೆ ದೇಹ ತಾನಾಗಿಯೇ ಇನ್ನಷ್ಟು ಕೈ ಬಿಗಿಹಿಡಿಯುತ್ತದೆ. ತೂಕ ಶೇ 10ರಷ್ಟು ಇಳಿದಾಗ, ಲೆಕ್ಕದಲ್ಲಿ ಕಡಿಮೆಯಾಗಬೇಕಾದದ್ದಕ್ಕಿಂತಲೂ ಹೆಚ್ಚಾಗಿ ಖರ್ಚು ಕುಗ್ಗುತ್ತದೆ ಎಂಬುದನ್ನು ಅಮೆರಿಕದ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ರುಡಾಲ್ಫ್ ಲೈಬೆಲ್ ಮತ್ತು ಸಂಗಡಿಗರು 1995ರಲ್ಲೇ ಅಳೆದು ತೋರಿಸಿದರು.

ಹಾಗಾಗಿ ಈಗ ದಿನಕ್ಕೆ 150–200 ಕ್ಯಾಲರಿ ಲೆಕ್ಕಕ್ಕೆ ಸಿಗದೆ ಹೊಟ್ಟೆಗೆ ಸೋರಿದರೆ ಸಾಕು, ತೂಕ ನಿಂತಂತೆ ಕಾಣುತ್ತದೆ. ಆರು ತಿಂಗಳ ಹಿಂದೆಯೂ ಅದು ಸೋರುತ್ತಿದ್ದಿರಬಹುದು, ಆಗ ಕೊರತೆ ದೊಡ್ಡದಿದ್ದುದರಿಂದ ಕಾಣಲಿಲ್ಲ ಅಷ್ಟೆ. ನಿಮ್ಮ ಮನೋಬಲ ಕುಗ್ಗಿತೆಂದು ಹಳಿದುಕೊಳ್ಳುವ ಅಗತ್ಯವೇ ಇಲ್ಲ.

ಹೆಜ್ಜೆ 1: ನಿಜವಾಗಿ ನಿಂತಿದೆಯೇ ನೋಡಿ

ನಮ್ಮ ತೂಕ ನೀರಿನಿಂದಲೇ ಒಂದು, ಒಂದೂವರೆ ಕಿಲೋ ಹಿಂದೆಮುಂದೆ ಆಗುತ್ತಿರುತ್ತದೆ. ಹಿಂದಿನ ರಾತ್ರಿ ಹಪ್ಪಳ, ಉಪ್ಪಿನಕಾಯಿ ಜಾಸ್ತಿಯಾಗಿದ್ದರೆ, ಹೊಟ್ಟೆ ಸರಿಯಾಗಿ ಖಾಲಿಯಾಗದಿದ್ದರೆ, ಹೊಸ ವ್ಯಾಯಾಮದಿಂದ ಮೈಕೈ ನೋವಿದ್ದರೆ ಯಂತ್ರ ಹೆಚ್ಚೇ ತೋರಿಸುತ್ತದೆ. ವಾರಕ್ಕೆ 260 ಗ್ರಾಂ ಇಳಿಕೆ ಇದರೊಳಗೆ ಪೂರ್ತಿ ಮುಚ್ಚಿಹೋಗುತ್ತದೆ.

ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಕಾಫಿಗೆ ಮೊದಲು, ಒಂದೇ ಜಾಗದ ಗಟ್ಟಿ ನೆಲದ ಮೇಲೆ ಯಂತ್ರವಿಟ್ಟು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಏಳು ದಿನದ ಸರಾಸರಿಯನ್ನು ಮುಂದಿನ ಏಳು ದಿನದ ಸರಾಸರಿಗೆ ಹೋಲಿಸಿ. ಮುಟ್ಟಾಗುವ ಹೆಂಗಸರು ಈ ತಿಂಗಳ ಮೊದಲ ವಾರವನ್ನು ಹೋದ ತಿಂಗಳ ಕೊನೆಯ ವಾರಕ್ಕೆ ಹೋಲಿಸಬಾರದು. ಮುಟ್ಟಿನ ಲೆಕ್ಕದಲ್ಲಿ ಅದೇ ವಾರವನ್ನು ಅದೇ ವಾರಕ್ಕೆ ಹೋಲಿಸಿ. ಜೊತೆಗೆ ವಾರಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಟೇಪು ಸುತ್ತಿ ಅಳತೆ ಬರೆದಿಡಿ. ನಾಲ್ಕು ವಾರದ ಸರಾಸರಿಯೂ ಟೇಪೂ ಎರಡೂ ಕದಲದಿದ್ದರೆ ಮಾತ್ರ ತೂಕ ನಿಂತಿದೆ ಎನ್ನಿ. ದಿನಾ ತೂಕ ನೋಡಿದರೆ ಮನಸ್ಸು ಕೆಡುತ್ತದೆ ಎನ್ನುವವರಿಗೆ ಟೇಪೊಂದೇ ಸಾಕು.

ಹೆಜ್ಜೆ 2: ಸೋರುವುದೆಲ್ಲಿ ಹುಡುಕಿ

ಇದಕ್ಕೆ ಹೆಚ್ಚು ಸಮಯ ಕೊಡಿ, ಸಾಮಾನ್ಯವಾಗಿ ಉತ್ತರ ಸಿಗುವುದು ಇಲ್ಲೇ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. 1200 ಕ್ಯಾಲರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಅದರಲ್ಲಿ ಪರೀಕ್ಷಿಸಿದ್ದರು. ಅವರ ಚಯಾಪಚಯ, ಅಂದರೆ ದೇಹ ಕ್ಯಾಲರಿ ಖರ್ಚು ಮಾಡುವ ಬಗೆ, ಸರಿಯಾಗಿಯೇ ಇತ್ತು. ತಿಂದದ್ದನ್ನು ಮಾತ್ರ ಸರಾಸರಿ ಶೇ 47ರಷ್ಟು ಕಡಿಮೆಯಾಗಿ, ವ್ಯಾಯಾಮವನ್ನು ಶೇ 51ರಷ್ಟು ಹೆಚ್ಚಾಗಿ ಹೇಳಿದ್ದರು. ಅವರು ಸುಳ್ಳುಗಾರರಲ್ಲ. ಕಣ್ಣಂದಾಜು ನಮ್ಮೆಲ್ಲರನ್ನೂ ಹೀಗೆಯೇ ಮೋಸಗೊಳಿಸುತ್ತದೆ.

ನಮ್ಮ ಅಡುಗೆಯಲ್ಲಿ ಮೊದಲ ಅನುಮಾನ ಎಣ್ಣೆಯ ಮೇಲೆಯೇ. ಹೊಸ ಲೀಟರ್ ಪ್ಯಾಕೆಟ್ ಕತ್ತರಿಸಿದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಅದು ಎಂಟು ದಿನಕ್ಕೆ ಖಾಲಿಯಾದರೆ ತಲೆಗೆ ದಿನಕ್ಕೆ 31 ಮಿ.ಲೀ., ಅಂದರೆ 260 ಕ್ಯಾಲರಿ. ಹನ್ನೆರಡು ದಿನ ಬಂದರೆ 21 ಮಿ.ಲೀ., 170 ಕ್ಯಾಲರಿ. ಊಟದಲ್ಲಿ ಒಂದು ತುತ್ತೂ ಕಡಿಮೆ ಮಾಡದೆ ದಿನಕ್ಕೆ 90 ಕ್ಯಾಲರಿ ಉಳಿಯಿತು.

ಉಳಿಸುವ ಉಪಾಯವೂ ಸುಲಭ. ಕೆಮ್ಮಿನ ಸಿರಪ್ಪಿನ ಜೊತೆ ಬರುವ ಗೆರೆಯಿರುವ ಪುಟ್ಟ ಲೋಟವನ್ನು ಚೆನ್ನಾಗಿ ತೊಳೆದು ಎಣ್ಣೆ ಡಬ್ಬಿಯ ಪಕ್ಕ ಇಡಿ. ಪಲ್ಯದ ಒಗ್ಗರಣೆಗೆ ಬಾಟಲಿಯಿಂದ ನೇರ ಸುರಿಯಬೇಡಿ, 5 ಮಿ.ಲೀ. ಗೆರೆಗೆ ಅಳೆದು ಹಾಕಿ. ಸಾಸಿವೆ ಸಿಡಿಯಲು, ಕರಿಬೇವು ಗರಿಯಾಗಲು ಅಷ್ಟು ಸಾಕು, ಬಾಣಲೆಯನ್ನು ಸ್ವಲ್ಪ ಓರೆ ಹಿಡಿದರಾಯಿತು. ದೋಸೆಗೆ ಸುತ್ತ ಚಮಚದಲ್ಲಿ ಬಿಡುವ ಬದಲು ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಹೆಂಚಿಗೆ ಉಜ್ಜಿ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೂ ಅದನ್ನೇ.

ಎರಡನೆಯದು ಕಾಫಿ. ಮೂರು ಲೋಟಕ್ಕೆ ಎರಡೆರಡು ಚಮಚ ಸಕ್ಕರೆ ಎಂದರೆ ಹತ್ತಿರಹತ್ತಿರ 100 ಕ್ಯಾಲರಿ, ಹಾಲು ಬೇರೆ. ವಾರಕ್ಕೆ ಅರ್ಧರ್ಧ ಚಮಚ ಇಳಿಸುತ್ತಾ ಹೋದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಮೂರನೆಯದು ತೆಂಗಿನಕಾಯಿ ಚಟ್ನಿ, ಸಂಜೆಯ ಹಿಡಿ ಕಡಲೆಬೀಜ, ಮಕ್ಕಳ ತಟ್ಟೆಯಲ್ಲಿ ಮಿಕ್ಕದ್ದು. 30 ಗ್ರಾಂ ಕಡಲೆಬೀಜವೇ 170 ಕ್ಯಾಲರಿ. ಒಳ್ಳೆಯ ಆಹಾರವೇ, ಆದರೆ ಡಬ್ಬಿಯಿಂದ ತೆಗೆದು ತಟ್ಟೆಗೆ ಹಾಕಿಕೊಂಡು ತಿನ್ನಿ.

ರಾಗಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅನ್ನ ಬಿಟ್ಟು ಮುದ್ದೆಗೆ ಬಂದರೆ ತೂಕ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲರಿ ಇದ್ದರೆ ಅಷ್ಟೇ ರಾಗಿಯಲ್ಲಿ 320. ವ್ಯತ್ಯಾಸ ಅಷ್ಟೇನಿಲ್ಲ. ರಾಗಿಯ ನಿಜವಾದ ಲಾಭ ನಾರು, ಹೊಟ್ಟೆ ಬೇಗ ತುಂಬುತ್ತದೆ. ತುಂಬಿದ ಮೇಲೂ ಎರಡನೇ ಮುದ್ದೆ ಹಾಕಿಸಿಕೊಂಡರೆ ಆ ಲಾಭವೂ ಹೋಯಿತು.

ಒಂದು ವಾರ, ಶನಿವಾರ ಭಾನುವಾರ ಸೇರಿಸಿ, ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಐದು ದಿನ ಜೋಪಾನವಾಗಿದ್ದು ಎರಡು ದಿನ ಹೋಟೆಲು, ಗೃಹಪ್ರವೇಶ, ಹೋಳಿಗೆ ತುಪ್ಪ ಎಂದಾದರೆ ವಾರದ ಕೊರತೆ ಅಲ್ಲೇ ತೀರಿಹೋಗುತ್ತದೆ.

ಹೆಜ್ಜೆ 3: ಪ್ರೋಟೀನ್ ಹೆಚ್ಚಿಸಿ, ಸ್ನಾಯು ಉಳಿಸಿ

ತೂಕ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವುದು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್, 64 ಕಿಲೋಗೆ 53 ಗ್ರಾಂ. ತೂಕ ಇಳಿಸುವವರು 70–75ರ ಹತ್ತಿರ ಹೋದರೆ ಹಸಿವೂ ಹಿಡಿತದಲ್ಲಿರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಏರಿಸಬೇಡಿ.

ಹೆಚ್ಚುವರಿ 20 ಗ್ರಾಂಗೆ ಪುಡಿ ಡಬ್ಬಿ ಬೇಕಿಲ್ಲ. ಎರಡು ಮೊಟ್ಟೆಯಲ್ಲಿ 12 ಗ್ರಾಂ, 30 ಗ್ರಾಂ ಹುರುಳಿಕಾಳಿನಲ್ಲಿ 6 ಗ್ರಾಂ ದಾಟುತ್ತದೆ, ಒಂದು ಬಟ್ಟಲು ಮೊಸರಿನಲ್ಲಿ 4–5 ಗ್ರಾಂ. ಮೊಟ್ಟೆ ತಿನ್ನದವರು ಕಾಳು, ಸೋಯಾ, ಪನೀರು ಹೆಚ್ಚಿಸಬೇಕು. ಇದನ್ನು ಇರುವ ಊಟದ ಮೇಲೆ ಸೇರಿಸುವುದಲ್ಲ, ಅನ್ನದ ಒಂದು ಸೌಟು ತೆಗೆದು ಆ ಜಾಗಕ್ಕೆ ಕಾಳಿನ ಪಲ್ಯ ಹಾಕಿಕೊಳ್ಳುವುದು.

ಹೆಜ್ಜೆ 4: ನಡಿಗೆಗೆ ಭಾರ ಸೇರಿಸಿ

ಅರ್ಧ ಗಂಟೆಯ ಬಿರುಸು ನಡಿಗೆಗೆ ಖರ್ಚಾಗುವುದು 100–130 ಕ್ಯಾಲರಿ. ಪಾರ್ಕಿನಿಂದ ಹೊರಬಂದು ತಿನ್ನುವ ಒಂದು ಉದ್ದಿನ ವಡೆ ಅದನ್ನು ನುಂಗುತ್ತದೆ. ನಡಿಗೆ ಬಿಡಬೇಡಿ, ಆದರೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ: ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಯೊತ್ತಿ ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು. ಉಳಿದ ಹೊತ್ತಿನ ಓಡಾಟವನ್ನೂ ಗಮನಿಸಿ. ಕಡಿಮೆ ತಿನ್ನುವವರು ತಮಗೇ ಗೊತ್ತಾಗದಂತೆ ಹೆಚ್ಚು ಕೂರುತ್ತಾರೆ.

ಹೆಜ್ಜೆ 5: ನಿದ್ದೆ, ಬೇಕಾದರೆ ಎರಡು ವಾರ ಬಿಡುವು

2010ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು ಒಂದೇ ಜನಕ್ಕೆ ಹದಿನಾಲ್ಕು ದಿನ ಎಂಟೂವರೆ ಗಂಟೆ, ಇನ್ನು ಹದಿನಾಲ್ಕು ದಿನ ಐದೂವರೆ ಗಂಟೆ ಮಲಗಲು ಅವಕಾಶ ಕೊಟ್ಟು ನೋಡಿದರು. ಎರಡೂ ಬಾರಿ ಇಳಿದ ತೂಕ ಹೆಚ್ಚುಕಡಿಮೆ ಒಂದೇ, ಆದರೆ ನಿದ್ದೆ ಕೆಟ್ಟಾಗ ಕರಗಿದ ಕೊಬ್ಬು ಅರ್ಧಕ್ಕಿಂತ ಕಡಿಮೆ. ರಾತ್ರಿ ಹನ್ನೊಂದರ ತನಕ ಮೊಬೈಲು ನೋಡಿ ಐದಕ್ಕೇ ಎದ್ದು ವಾಕಿಂಗ್ ಹೋಗುವವರು ಇದನ್ನು ಯೋಚಿಸಬೇಕು.

ಆರೇಳು ತಿಂಗಳಿಂದ ಬಿಗಿಯಾಗಿ ತಿಂದು ಬೇಸತ್ತಿದ್ದರೆ ಎರಡು ವಾರ ಕೊರತೆಯನ್ನೇ ಬಿಡಿ. ನಮ್ಮ ಉದಾಹರಣೆಯ ಹೆಂಗಸಿಗೆ, ದೇಹ ಕೈ ಬಿಗಿಹಿಡಿದದ್ದನ್ನೂ ಲೆಕ್ಕಕ್ಕೆ ಹಿಡಿದರೆ, ದಿನಕ್ಕೆ 1700 ಕ್ಯಾಲರಿಯ ಆಸುಪಾಸು. ಉಪ್ಪು, ಅನ್ನ ಸ್ವಲ್ಪ ಹೆಚ್ಚಾಗಿ ತೂಕ ಅರ್ಧ, ಮುಕ್ಕಾಲು ಕಿಲೋ ಏರಬಹುದು. ಅದು ನೀರು, ಗಾಬರಿ ಬೇಡ. ಬಿಡುವು ಮುಗಿಸಿ ಬಂದವರಿಗೆ ಮತ್ತೆ ಶಿಸ್ತು ಹಿಡಿಯುವುದು ಸುಲಭವಾಗುತ್ತದೆ.

ಹೆಜ್ಜೆ 6: ಗುರಿಯನ್ನೇ ಒಮ್ಮೆ ಅಳೆಯಿರಿ

60 ಎಂಬ ಸಂಖ್ಯೆ ಎಲ್ಲಿಂದ ಬಂತು? ಮದುವೆಯ ದಿನದ ತೂಕವೋ, ತಂಗಿಯ ತೂಕವೋ? ಭಾರತೀಯರಿಗೆ ಬಿಎಂಐ (ತೂಕವನ್ನು ಎತ್ತರಕ್ಕೆ ಹೋಲಿಸುವ ಅಳತೆ) 23 ದಾಟಿದರೆ ಅಧಿಕ ತೂಕ, 25ರಿಂದ ಬೊಜ್ಜು ಎಂದು ಇಲ್ಲಿನ ತಜ್ಞರು ಗೆರೆ ಹಾಕಿದ್ದಾರೆ. 160 ಸೆಂ.ಮೀ. ಎತ್ತರಕ್ಕೆ 64 ಕಿಲೋ ಎಂದರೆ ಬಿಎಂಐ 25, 59 ಕಿಲೋ ಎಂದರೆ 23. ಹಾಗಾಗಿ ಈ ಉದಾಹರಣೆಯಲ್ಲಿ ಪ್ರಯತ್ನಕ್ಕೆ ಅರ್ಥವಿದೆ. ಬಿಎಂಐ ಆಗಲೇ 22ರ ಆಸುಪಾಸಿನಲ್ಲಿದ್ದು, ಸೊಂಟ ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ಒಳಗಿದ್ದರೆ, ಇನ್ನೂ ನಾಲ್ಕು ಕಿಲೋ ಇಳಿಸಲು ದೇಹಕ್ಕೆ ಕಾರಣವಿಲ್ಲ. ಅಲ್ಲಿಗೇ ನಿಲ್ಲಿಸಿ, ಇರುವುದನ್ನು ಕಾಪಾಡಿಕೊಳ್ಳಿ.

ಎಲ್ಲ ಅಳೆದು ತಿಂದರೂ ಎರಡು ಮೂರು ತಿಂಗಳು ಕದಲದಿದ್ದರೆ ವೈದ್ಯರ ಬಳಿ ಹೋಗಿ. ಅತಿಯಾದ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ ಇದ್ದರೆ ಥೈರಾಯ್ಡ್ ಪರೀಕ್ಷೆ ಕೇಳಿ. ಮುಟ್ಟು ತಪ್ಪುತ್ತಿದ್ದರೆ ಅದನ್ನೂ ಹೇಳಿ. ಸ್ಟೀರಾಯ್ಡ್, ಇನ್ಸುಲಿನ್, ಖಿನ್ನತೆಯ ಕೆಲವು ಮಾತ್ರೆಗಳೂ ತೂಕ ಹಿಡಿದಿಡುತ್ತವೆ, ಆದರೆ ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ಔಷಧಿಯ ಪ್ರಮಾಣ ವಿಚಾರಿಸಬೇಕು. ಬಸುರಿ, ಬಾಣಂತಿಯರಿಗೆ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ.