ಜನಾಂಗದ ಕುರಿತ ನಮ್ಮ ನಿಲುವುಗಳ ಮೂಲವನ್ನು ಹುಡುಕುವ ಬಗೆ

ನಿಮ್ಮದಲ್ಲದ ಯಾವುದಾದರೊಂದು ಜನಾಂಗದ ಬಗ್ಗೆ ಮನಸ್ಸಿನಲ್ಲಿರುವ ಮಾತನ್ನು, ಸಭ್ಯತೆಗಾಗಿ ತಿದ್ದದೆ, ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಬೇರೆಯವರಿಗೆ ತೋರಿಸಬೇಕಾಗಿಲ್ಲವಾದ್ದರಿಂದ ಸಂಕೋಚ ಬೇಡ. ಅದರ ಕೆಳಗೆ, ಆ ಮಾತಿಗೆ ಆಧಾರವಾದದ್ದು ಕಣ್ಣಾರೆ ಕಂಡದ್ದೋ, ಹಿರಿಯರಿಂದ ಕೇಳಿದ್ದೋ, ಪರದೆಯ ಮೇಲೆ ನೋಡಿದ್ದೋ ಎಂಬುದನ್ನು ಬೇರೆಬೇರೆಯಾಗಿ ಗುರುತಿಸಿ.

‘ನನಗೆ ಹುಟ್ಟಿನಿಂದಲೇ ಹೀಗನ್ನಿಸುತ್ತದೆ’ ಎಂಬ ಉತ್ತರ ಬಂದರೆ ಅದನ್ನು ಒಪ್ಪಬೇಡಿ. ಸ್ವಂತ ಜನಾಂಗದ ಮುಖಗಳನ್ನು ಹೆಚ್ಚು ಹೊತ್ತು ನೋಡುವ ಒಲವು ಮೂರು ತಿಂಗಳ ಕೂಸುಗಳಲ್ಲಿ ಕಂಡುಬಂದರೂ ನವಜಾತ ಶಿಶುಗಳಲ್ಲಿ ಕಂಡುಬಂದಿಲ್ಲ. ಅದೂ ಪರಿಚಿತ ಮುಖದ ಮೇಲಿನ ಒಲವೇ ಹೊರತು ದ್ವೇಷವಲ್ಲ.

ಕಣ್ಣಾರೆ ಕಂಡದ್ದನ್ನು ಪರಿಶೀಲಿಸುವ ಕೆಲಸಕ್ಕೆ ಹೆಚ್ಚು ಸಮಯ ಕೊಡಿ. ಪ್ರತಿಯೊಂದು ಭೇಟಿಯಲ್ಲೂ ನೀವು ಎಲ್ಲಿ ನಿಂತಿದ್ದಿರಿ, ಎದುರಿನವರು ಎಲ್ಲಿ ನಿಂತಿದ್ದರು ಎಂದು ಕೇಳಿಕೊಳ್ಳಿ. ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಅಧಿಕಾರದಲ್ಲಿರುವವರ ಬೆಂಬಲ ಎಂಬ ನಾಲ್ಕು ಸಂಗತಿಗಳಿದ್ದಾಗ ಒಡನಾಟವು ಪೂರ್ವಗ್ರಹವನ್ನು ತಗ್ಗಿಸುತ್ತದೆಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ವಾದಿಸಿದರು. ವರ್ಣಭೇದ ನೀತಿಯ ಕಾಲದ ದಕ್ಷಿಣ ಆಫ್ರಿಕದಲ್ಲಿ ಅನೇಕ ಬಿಳಿಯರ ಮಕ್ಕಳು ಕಪ್ಪು ದಾದಿಯರ ಕೈಯಲ್ಲಿ ಬೆಳೆದರು. ಅಷ್ಟು ಹತ್ತಿರದ ಬದುಕೂ ಆ ವ್ಯವಸ್ಥೆಯನ್ನು ಅಲುಗಿಸಲಿಲ್ಲ, ಏಕೆಂದರೆ ಒಬ್ಬರು ಯಾವಾಗಲೂ ಒಡೆಯರಾಗಿದ್ದರು, ಇನ್ನೊಬ್ಬರು ಯಾವಾಗಲೂ ಆಳಾಗಿದ್ದರು. ಆದ್ದರಿಂದ ‘ಅವರನ್ನು ನಾನು ವರ್ಷಗಟ್ಟಲೆ ಬಲ್ಲೆ’ ಎಂಬ ಮಾತನ್ನು ನಾನು ಸುಲಭವಾಗಿ ನಂಬುವುದಿಲ್ಲ.

ಇದಕ್ಕೆ ವಿರುದ್ಧವಾದ ಅನುಭವ ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾಲ್ಕಮ್ ಎಕ್ಸ್ ಅವರದು. ಬಿಳಿಯರೆಲ್ಲರನ್ನೂ ಸೈತಾನರೆಂದು ಬೋಧಿಸುತ್ತಿದ್ದ ಸಂಘಟನೆಯಲ್ಲಿ ವರ್ಷಗಳನ್ನು ಕಳೆದಿದ್ದ ಅವರು, 1964ರ ಮೆಕ್ಕಾ ಯಾತ್ರೆಯಲ್ಲಿ ಬಿಳಿ ಮೈಬಣ್ಣದ ಯಾತ್ರಿಕರೊಂದಿಗೆ ಒಂದೇ ತಟ್ಟೆಯಲ್ಲಿ ಉಂಡು ಬಂದ ಮೇಲೆ, ಇಡೀ ಜನಾಂಗವನ್ನು ದೂಷಿಸುವುದನ್ನು ಬಿಟ್ಟರು. ಅಮೆರಿಕದ ಜನಾಂಗೀಯ ಅನ್ಯಾಯದ ಬಗ್ಗೆ ಮಾತ್ರ ಅವರ ದನಿ ತಗ್ಗಲಿಲ್ಲ. ತಗ್ಗಬೇಕಾದ ಕಾರಣವೂ ಇರಲಿಲ್ಲ. ನೀವೇ ಅವಮಾನ ಉಂಡವರಾಗಿದ್ದರೆ ಈ ವ್ಯತ್ಯಾಸವನ್ನು ಗಮನದಲ್ಲಿಡಿ: ಪೆಟ್ಟಿನ ನೆನಪನ್ನು ಪೂರ್ವಗ್ರಹವೆಂದು ಹಳಿದುಕೊಂಡು ಅಳಿಸಬೇಕಾಗಿಲ್ಲ, ಆ ಪೆಟ್ಟು ಕೊಟ್ಟವರು ಯಾರು, ಕೊಡದವರು ಯಾರು ಎಂದು ವಿಂಗಡಿಸಿದರೆ ಸಾಕು.

ಕೇಳಿದ ಮಾತುಗಳ ಸಾಲಿಗೆ ಇಷ್ಟು ಶ್ರಮ ಬೇಡ. ಹೇಳಿದವರು ತಾವೇ ಕಂಡಿದ್ದರೇ ಎಂದು ವಿಚಾರಿಸಿ, ಕಂಡಿರದಿದ್ದರೆ ಆ ಸಾಲನ್ನು ಹೊಡೆದುಹಾಕಿ.

ಈಗ ಮೊದಲ ವಾಕ್ಯಕ್ಕೆ ಮರಳಿ, ಅದರಲ್ಲಿ ‘ಅವರೆಲ್ಲರೂ’ ಎಂದಿರುವ ಕಡೆ ನೀವು ಸಮಾನರಾಗಿ ಒಡನಾಡಿದ ಮಂದಿಯ ಸಂಖ್ಯೆಯನ್ನು ಹಾಕಿ, ವಾಕ್ಯವನ್ನು ಮತ್ತೊಮ್ಮೆ ಬರೆಯಿರಿ.